ಅದೇ ಅಳತೆಯ ಹೆಂಗಸು

ಸ್ಕ್ಯಾನ್ ಕೋಣೆಯ ಡಾಕ್ಟರಿಗೆ ಟೈಲರ್ ಮಾಡುವ ನಮಸ್ಕಾರ.

ಸೋಮವಾರ ನನ್ನ ತಲೆಯ ಸ್ಕ್ಯಾನ್ ಮಾಡಿದಿರಲ್ಲ, ಆವತ್ತು ಒಂದು ಅಚಾತುರ್ಯ ನಡೆದಿದೆ. ಲೋಹ ಇರಬಾರದೆಂದು ನಿಮ್ಮವರು ಉಂಗುರ ಬಿಚ್ಚಿಸಿದರು. ಅದನ್ನು ಹೆಂಡತಿಯ ಕೈಗೆ ಕೊಟ್ಟು, "ಇಲ್ಲೇ ಬೆಂಚಿನ ಮೇಲೆ ಕೂತಿರು, ಬಂದ್ಬಿಡ್ತೀನಿ" ಎಂದು ಒಳಗೆ ಹೋದೆ. ಆ ಯಂತ್ರದ ಗದ್ದಲ ಮುಗಿಸಿಕೊಂಡು ಹೊರಗೆ ಬಂದರೆ, ಬೆಂಚಿನ ಮೇಲೆ ಬೇರೆ ಯಾರೋ ಹೆಂಗಸು ಕೂತಿದ್ದರು. ನನ್ನ ಉಂಗುರ ಅವರ ಕೈಯಲ್ಲಿತ್ತು.

ಅವರೇ ನನ್ನನ್ನು ಮನೆಗೆ ಕರೆತಂದರು. ಒಳ್ಳೆಯವರು, ದೂರುವಂತಿಲ್ಲ. ಆದರೂ ಅನುಮಾನ ತಡೆಯದೆ ಟೇಪು ಹಿಡಿದೆ. ಸುಮ್ಮನೆ ನಿಂತುಕೊಂಡರು. ಭುಜ, ತೋಳು, ಎಲ್ಲ ನನ್ನ ಹೆಂಡತಿಯದೇ ಅಳತೆ. ಯಾರೋ ಪಳಗಿದ ಕೈಯವರೇ ಹೊಲಿದಿದ್ದಾರೆ, ಎಲ್ಲೂ ಹೊಲಿಗೆ ಕಾಣುವುದಿಲ್ಲ.

ನೀವು ಚಿತ್ರ ತೋರಿಸಿ, "ಇಲ್ಲಿ ಮೆದುಳು ಸ್ವಲ್ಪ ಕುಗ್ಗಿದೆ, ಮರೆವಿನ ಕಾಯಿಲೆ ಶುರುವಾಗಿರೋ ಹಾಗಿದೆ" ಅಂದಿರಿ. ಇರಬಹುದು. ಒಗೆದರೆ ಬಟ್ಟೆಯೂ ಕುಗ್ಗುತ್ತದೆ. ಆದರೆ ನಾನು ಹೆಂಡತಿಯನ್ನು ಮರೆತಿಲ್ಲ. ದಯವಿಟ್ಟು ಆ ಬೆಂಚಿನ ಹತ್ತಿರ ಒಮ್ಮೆ ನೋಡಿಸಿ. ಅಲ್ಲಿಯ ಏಸಿ ಗಾಳಿ ಅವಳಿಗೆ ಆಗಿಬರುವುದಿಲ್ಲ. ನಾನು ಬರುವ ತನಕ ಏಳುವವಳೂ ಅಲ್ಲ.

ನನ್ನ ಕೈ ನಡುಗುವುದರಿಂದ ಇದನ್ನು ಆ ಹೆಂಗಸೇ ಬರೆದುಕೊಡುತ್ತಿದ್ದಾರೆ. ಅಕ್ಷರವೂ ಥೇಟ್ ಅವಳದೇ. "ಅಳಬೇಡೀಮ್ಮ, ಅವಳು ಸಿಕ್ಕಿದ ಮೇಲೆ ನಿಮ್ಮನ್ನೂ ನಿಮ್ಮ ಮನೆಗೆ ಬಿಟ್ಟು ಬರ್ತೀನಿ" ಅಂದೆ.

"ಅದನ್ನೂ ಬರೀಲಾ?" ಎಂದು ಕೇಳಿದರು.

ಬರೆಯಿರಿ ಅಂದೆ.

ಹೇಳಿ ಬರೆಸಿದವರು: ಟೈಲರ್
ಬರೆದವಳು: ಅವರ ಹೆಂಡತಿ