ಮೆದು ತೋಟಾ

ಅಣ್ಣಾ,

ನೀನು ತೀರಿಕೊಂಡ ಮೇಲೆ ಮೊದಲ ಸಲ ನಿನ್ನ ರೈಫಲ್ಲು ಇವತ್ತು ಶನಿವಾರಸಂತೆಯ ತೆಂಗಿನಕಾಯಿ ಹೊಡೆಯುವ ಪಂದ್ಯಕ್ಕೆ ಹೋಯಿತು. ಹಿಡಿದವಳು ನಿನ್ನ ಮಗಳು ಭವ್ಯಶ್ರೀ.

ಮೊದಲ ಗುಂಡು ಕಾಯಿಗೆ ತಾಗದೆ ಮೇಲಿಂದ ಹಾರಿಹೋಯಿತು. ನೋಡಿದರೆ ಅವಳು ರೈಫಲ್ಲಿಗೆ ತುಂಬಿದ್ದು ಜೋರು ಮದ್ದಿನ ತೋಟಾ! ಹಳೇ ನಳಿಗೆ ಒತ್ತಡ ತಡೆಯದೆ ಸಿಡಿದೀತೆಂದು ಓಡಿಹೋಗಿ ಅವಳನ್ನು ತಡೆದೆ.

"ಗಾತ್ರ ಒಂದೇ ಅಲ್ವಾ ಚಿಕ್ಕಪ್ಪ?"

"ಗಾತ್ರ ಒಂದೇ ಕಣವ್ವ, ಒಳಗಿನ ಜೋರು ಬೇರೆ. ನಿಮ್ಮಪ್ಪ ಮೆದು ತೋಟಾನೇ ಹಾಕ್ತಿದ್ದ. ನಳಿಗೆ ಅದುರಲ್ಲ, ಗುರಿ ನಿಲ್ತದೆ."

ಪಕ್ಕದವರಿಂದ ಅಂಥದ್ದೊಂದು ಕೇಳಿ ತಂದುಕೊಟ್ಟೆ. ಕಾಯಿ ಹೋಳಾಯಿತು. ಅವಳು ನಗಲಿಲ್ಲ.

"ಇದನ್ನ ಅಪ್ಪ ನಂಗ್ಯಾಕೆ ಹೇಳ್ಕೊಡ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲವ್ವ" ಎಂದುಬಿಟ್ಟೆ.

ಆದರೆ ಅವಳು ಕೇಳಿದಾಗಲೆಲ್ಲ "ಹೆಣ್ಮಗಳಿಗೆ ಕೋವಿ ಯಾಕೆ" ಎಂದು ನೀನು ನಗುತ್ತಿದ್ದೆ, ನಾನೂ ನಗುತ್ತಿದ್ದೆ.

ಈಗ ಒಳಗೆ ರೈಫಲ್ಲು ಒರೆಸುತ್ತ ಕೂತಿದ್ದಾಳೆ. ಊಟಕ್ಕೆ ಕರೆಯಲು ನನಗೆ ಧೈರ್ಯ ಸಾಲುತ್ತಿಲ್ಲ.