ನಿಮ್ಮಿಬ್ಬರ ನಡುವೆ ಮಾತ್ರ

ಮನೆಯಿಂದ,
ಮಾರ್ಚ್ ೧೪, ಭಾನುವಾರ

ನನ್ನ ಮುದ್ದಿನ ಪುಟ್ಟೀ,

ಹೇಗಿದ್ದೀಯ? ನೆಗಡಿ ಬಿಟ್ಟಿತಾ? ಬೆನ್ನು ನೋವು ಅಂದಿದ್ದೆಯಲ್ಲ, ಕುರ್ಚಿ ಬದಲಾಯಿಸಿಕೊಂಡೆಯಾ? ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನಾಗಿ ಕೇಳಬೇಕಾದ್ದನ್ನೆಲ್ಲ ಕೇಳಿದ್ದಾಯಿತು. ಇನ್ನು ಮುಂದಿನದೆಲ್ಲ ಸಿಟ್ಟು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕಿ ನನ್ನನ್ನು ನಗಿಸಿಬಿಡುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನೀನು ಮಾಡಿದ ಆ ‘ಒಡನಾಟ’ ಅನ್ನುವ ಸಾಫ್ಟ್‌ವೇರ್ ನಮ್ಮ ಆಸ್ಪತ್ರೆಯ ಲ್ಯಾಬಿಗೂ ಬಂತು ಅಂದಾಗ ಕುಣಿದಾಡಿದ್ದೆ. ಜೊತೆಗೆ ಕೆಲಸ ಮಾಡುವವರು ಒಬ್ಬರಿಗೊಬ್ಬರು ಹತ್ತಿರವಾಗಲಿ ಅಂತ ಮಾಡಿದ್ದು, ಕಂಪನಿಯ ಗುಟ್ಟು, ಯಾರಿಗೂ ಹೇಳಬೇಡ ಅಂದೆ. ನಾನೂ ಯಾರಿಗೂ ಹೇಳದೆ ಒಳಗೊಳಗೇ ಹಿಗ್ಗಿದೆ. ಈಗ ಕೇಳು ಅದರ ಪ್ರತಾಪ. ಯಾರು ಯಾರಿಗೆ ಎಷ್ಟು ಸಂದೇಶ ಕಳಿಸಿದರು ಅಂತ ಅದು ಎಣಿಸುತ್ತದೆ. ರಿಪೋರ್ಟ್ ಟೈಪ್ ಮಾಡುವ ನಮ್ಮ ‘ರೇಡಿಯೋ’ ಇದ್ದಾಳಲ್ಲ, ಬೆಳಗೆದ್ದು ಎಲ್ಲರಿಗೂ ಹೂವಿನ ಚಿತ್ರ ಕಳಿಸುತ್ತಾಳೆ, ಅವಳ ಹೆಸರಿನ ಮುಂದೆ ನಕ್ಷತ್ರ! ರಿಪೋರ್ಟುಗಳು ಮಾತ್ರ ಅವಳ ಮೇಜಿನ ಮೇಲೆ ಕೊಳೆಯುತ್ತಿವೆ. ಮಾತೇ ಆಡದ ಜೋಡಿ ಅಂತ ಅದು ಹುಡುಕಿ ತೆಗೆದದ್ದು ಯಾರನ್ನು? ನನ್ನನ್ನು ಮತ್ತು ಪಕ್ಕದ ಮೇಜಿನ ನಿಮ್ಮಪ್ಪನನ್ನು. ದಿನಾ ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೆ ಕೂತು ಚಹಾ ಕುಡಿಯಬೇಕಂತೆ, ಏನು ಮಾತಾಡಿದಿರಿ ಅಂತ ಆಮೇಲೆ ಕಂಪ್ಯೂಟರಿನಲ್ಲಿ ಬರೆಯಬೇಕಂತೆ.

ಬೇರೆಯಾದ ಮೇಲೂ ನಾವು ಒಂದೇ ಕೋಣೆಯಲ್ಲಿ ಹೇಗೆ ದುಡಿದೆವು ಅಂತ ನಿನಗೆ ಗೊತ್ತು. ಅವರು ಹಿಂದಿನ ಬಾಗಿಲಿಂದ ಬರುತ್ತಾರೆ, ನಾನು ಮುಂದಿನಿಂದ. ಸ್ಲೈಡುಗಳ ಟ್ರೇ ಮಾತ್ರ ನಡುವೆ ಅತ್ತಿತ್ತ ಸರಿಯುತ್ತದೆ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಹೋದ ವರ್ಷದಿಂದ ನಿಮ್ಮಪ್ಪನ ಕಣ್ಣು ಮಂಜಾಗಿದೆ. ಸೂಕ್ಷ್ಮದರ್ಶಕದ ಮುಂದೆ ಅವರು ಮತ್ತೆ ಮತ್ತೆ ಕಣ್ಣುಜ್ಜುವುದನ್ನು ನೋಡಿಯೇ ನನಗೆ ತಿಳಿಯಿತು. ಒಂದು ದಿನ ಒಂದು ಸ್ಲೈಡನ್ನು ಟ್ರೇಯ ನನ್ನ ಕಡೆಯ ತುದಿಗೆ ತಳ್ಳಿದರು. ನಾನು ನೋಡಿ, ಕಂಡದ್ದನ್ನು ಬರೆದು, ವಾಪಸ್ಸು ತಳ್ಳಿದೆ. ಅಂದಿನಿಂದ ಅವರ ಪ್ರತಿ ಸ್ಲೈಡೂ ನನ್ನ ಕಣ್ಣ ಮುಂದೆ ಹಾದೇ ಹೊರಗೆ ಹೋಗುತ್ತಿತ್ತು, ಒಂದೂ ತಪ್ಪಿಲ್ಲ. ಅವರೂ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಸಂಸಾರದಲ್ಲಿ ಇದರ ಕಾಲುಭಾಗ ಹೊಂದಾಣಿಕೆ ಇದ್ದಿದ್ದರೆ ಬೇರೆಯಾಗುವ ಪ್ರಮೇಯವೇ ಬರುತ್ತಿರಲಿಲ್ಲ ಬಿಡು. ನಿನ್ನ ಸಾಫ್ಟ್‌ವೇರಿನ ಲೆಕ್ಕದಲ್ಲಿ ಇದು ಸೊನ್ನೆ.

ಮೊದಮೊದಲು ಚಹಾದ ಮುಂದೆ ಇಬ್ಬರೂ ಗೋಡೆ ನೋಡುತ್ತ ಕೂತೆವು. ಮಂಗಳವಾರ ಇದ್ದಕ್ಕಿದ್ದಂತೆ ಅವರು, “ಕಣ್ಣು ಸರಿಯಿಲ್ಲ ಕಣೇ. ನೀನು ನೋಡ್ಕೊಳ್ತಿದೀಯ ಅಂತ ಗೊತ್ತು” ಅಂದರು. ನಾನು ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದೆ. ಬರುವಷ್ಟರಲ್ಲಿ ಆ ಪುಣ್ಯಾತ್ಮ ಆಡಿದ್ದನ್ನು ಆಡಿದ ಹಾಗೇ ಬರೆದು ಕಳಿಸಿಯಾಗಿತ್ತು. ಯಾಕೆ ಬರೆದಿರಿ ಅಂದರೆ, ಕಂಪ್ಯೂಟರ್ ಪರದೆಯ ಕೆಳಗಿದ್ದ ಸಾಲನ್ನು ತೋರಿಸಿದರು: ‘ಇದು ನಿಮ್ಮಿಬ್ಬರ ನಡುವೆ ಮಾತ್ರ.’ ಮಾರನೆಯ ಬೆಳಗ್ಗೆ ನಮ್ಮ ದೊಡ್ಡ ಡಾಕ್ಟರು ಅದೇ ಬರಹವನ್ನು ಕೈಯಲ್ಲಿ ಹಿಡಿದು ಎಲ್ಲರೆದುರು ಓದಿದರು. ಅಪ್ಪನನ್ನು ಉಗ್ರಾಣಕ್ಕೆ ಹಾಕಿದ್ದಾರೆ. ಬಾಟಲಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ಎಣಿಸುತ್ತಿರುತ್ತಾರೆ. ರೇಡಿಯೋ ಉಪ್ಪುಖಾರ ಹಚ್ಚಿ ಊರಿಗೆಲ್ಲ ಸಾರಿದ್ದಾಳೆ.

ಕಣ್ಣು ಕಾಣದವರನ್ನು ಸೂಕ್ಷ್ಮದರ್ಶಕದ ಮುಂದಿನಿಂದ ಎಬ್ಬಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಮುಚ್ಚಿಟ್ಟದ್ದಕ್ಕೆ ನಾನೂ ಬೈಸಿಕೊಂಡೆ, ಬೈಸಿಕೊಳ್ಳಬೇಕಾದ್ದೇ. ಆದರೆ ತಾವಾಗಿ ಹೇಳಿ, ಮರ್ಯಾದೆಯಿಂದ ಎದ್ದು ಬರುವ ಹಕ್ಕು ಅವರಿಗಿತ್ತು. ಅದನ್ನು ಕಿತ್ತುಕೊಂಡದ್ದು ಆ ಒಂದು ಸಾಲು. ಅದನ್ನು ಬರೆದವರು ಯಾರು ಪುಟ್ಟೀ? ಮೇಲಿನವರಿಗೆ ಎಲ್ಲ ಕಾಣುತ್ತದೆ ಅಂತ ತಿಳಿಯದೆ ಬರೆದಿದ್ದರೆ ನೀನು ದಡ್ಡಿ. ತಿಳಿದೂ ಬರೆದಿದ್ದರೆ ನಿನ್ನನ್ನು ಏನನ್ನಬೇಕೋ ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ, ಹೆತ್ತಿದ್ದೇನೆ ನೋಡು. ನಾಲ್ಕು ದಿನದಿಂದ ಮೈಯೆಲ್ಲ ಉರಿಯುತ್ತಿದೆ.

ಸಿಟ್ಟು ಬೇರೆ, ಹರಕೆ ಬೇರೆ. ನೂರು ಕಾಲ ಚೆನ್ನಾಗಿರು.

ಇಂತಿ,
ಇನ್ನೂ ಸಿಟ್ಟಿಳಿಯದ ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಗುರುವಾರದ ರೈಲಿಗೆ ಅಪ್ಪ ಕಣ್ಣು ತೋರಿಸಲು ನಿನ್ನಲ್ಲಿಗೆ ಬರುತ್ತಿದ್ದಾರೆ. ಆ ಸಾಫ್ಟ್‌ವೇರ್ ನಿನ್ನ ಕೆಲಸ ಅಂತ ಅವರಿಗೆ ಇನ್ನೂ ಗೊತ್ತಿಲ್ಲ. ನಿನ್ನೆ ತಾವಾಗಿಯೇ ನನ್ನ ಮೇಜಿನ ಹತ್ತಿರ ಬಂದು, “ಪುಟ್ಟಿಗೆ ಕಂಪ್ಯೂಟರ್ ವಿಷಯ ಎಲ್ಲ ಗೊತ್ತಲ್ಲ, ಇದನ್ನ ಮಾಡಿದ ಕತ್ತೆ ಯಾರು ಅಂತ ಅವಳನ್ನೇ ಕೇಳ್ತೀನಿ” ಅಂದರು. ನಾನು ಬಾಯಿ ಬಿಟ್ಟಿಲ್ಲ. ಕೇಳಿದಾಗ ನೀನೇ ಹೇಳು.