ಲೆಕ್ಕಕ್ಕೆ ಸಿಗದ ಎರಡು ಮಣಿಗಳು

ಮಾನ್ಯ ಶಿಶು ಶಿಕ್ಷಣ ಇಲಾಖೆಯ ನಿರ್ದೇಶಕರೇ,

ನೀವು ಮನೆಮನೆಗೆ ಕಳಿಸಿದ ‘ಆಟದ ಪೆಟ್ಟಿಗೆ’ಯ ಎರಡು ಮಣಿಗಳನ್ನು, ಹದಿನಾಲ್ಕು ತಿಂಗಳ ನನ್ನ ಮಗಳ ಹೊಟ್ಟೆ ಕೊಯ್ದು, ಕರುಳಿನಿಂದ ತೆಗೆದರು. ಮಗು ಬದುಕಿದೆ. ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದುವ ಬೇರೆ ತಾಯ್ತಂದೆಯರನ್ನು ಕೊನೆಯ ಸಾಲಿನವರೆಗೆ ಉಸಿರು ಬಿಗಿಹಿಡಿಸಿ ಕೂರಿಸುವಷ್ಟು ಕಲ್ಲೆದೆ ನನಗಿಲ್ಲ. ಆದರೆ ಅಂಥದೇ ಮಣಿಗಳ ಪೊಟ್ಟಣ ಈ ಹೊತ್ತಿನಲ್ಲೂ ಎಷ್ಟೋ ಮನೆಗಳ ಕಪಾಟಿನಲ್ಲಿ, ಮೇಜಿನ ಮೇಲೆ, ನೆಲದ ಮೇಲೆ ಇದೆ. ಅದಕ್ಕೇ ಈ ಪತ್ರ.

ನಾನು ಲಿಫ್ಟ್ ದುರಸ್ತಿ ಮಾಡುವವನು. ಹೆಂಡತಿ ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಗೆ ಹೋಗುತ್ತಾಳೆ. ಮನೆಯಲ್ಲಿ ನನ್ನ ತಾಯಿ, ಆರು ವರ್ಷದ ದೊಡ್ಡ ಮಗಳು ಮತ್ತು ಚಿನ್ನಿ ಎಂದು ನಾವು ಕರೆಯುವ ಚಿಕ್ಕವಳು. ಎರಡು ಕೋಣೆಯ ಮನೆ. ಇದನ್ನೇಕೆ ಹೇಳುತ್ತೇನೆಂದರೆ, ಪೆಟ್ಟಿಗೆಯ ಜೊತೆ ಬಂದ ನಿಮ್ಮ ಕೈಪಿಡಿಯ ಮೊದಲ ಪುಟದಲ್ಲಿ ‘ಮಗುವಿನ ಚಟುವಟಿಕೆಗೆಂದೇ ಮನೆಯ ಒಂದು ಮೂಲೆಯನ್ನು ಮೀಸಲಿಡಿ’ ಎಂದಿದೆ. ನಮ್ಮ ಮನೆಯಲ್ಲಿ ಮೂಲೆಗಳು ನಾಲ್ಕಲ್ಲ, ಎಂಟಿವೆ. ಎಂಟರಲ್ಲೂ ಯಾರಾದರೊಬ್ಬರು ಇರುತ್ತಾರೆ.

ಪೆಟ್ಟಿಗೆ ಬಂದ ದಿನ ನಮಗೆ ಖುಷಿಯಾಗಿದ್ದು ನಿಜ. ಇಲ್ಲವೆಂದರೆ ಸುಳ್ಳಾಗುತ್ತದೆ. ದೊಡ್ಡವಳು ಒಂದನೇ ಚಟುವಟಿಕೆಯಿಂದ ಸಾಲಾಗಿ ಶುರುಮಾಡಿದಳು. ಕಾಗದದ ಟೋಪಿ, ಎಲೆ ಅದ್ದಿ ಒತ್ತಿದ ಬಣ್ಣದ ಅಚ್ಚು, ಬೆಂಕಿಪೊಟ್ಟಣದ ರೈಲು. ನನ್ನ ಹತ್ತಿರ ತೂತಿಲ್ಲದ ಕಾಲುಚೀಲ ಇದ್ದಿದ್ದು ಒಂದೇ ಜೊತೆ. ಅದರಲ್ಲೊಂದು ಬೆಕ್ಕಾಯಿತು. ನನ್ನ ತಾಯಿ ಅದಕ್ಕೆ ಬಾಲ ಹೊಲಿದುಕೊಟ್ಟರು. ಆ ಬೆಕ್ಕು ಕೈಗೆ ಹಾಕಿಕೊಂಡು ದೊಡ್ಡವಳು ಕಥೆ ಹೇಳುತ್ತಿದ್ದರೆ ಚಿನ್ನಿ ಬಿದ್ದು ಬಿದ್ದು ನಗುತ್ತಿದ್ದಳು. ಹತ್ತು ಚಟುವಟಿಕೆಗಳನ್ನು ಯಾರೋ ಮಕ್ಕಳನ್ನು ಕಂಡವರು ಬರೆದಿದ್ದಾರೆ. ಹನ್ನೊಂದನೆಯದನ್ನು ಬರೆದವರು ಮಕ್ಕಳನ್ನು ಎಲ್ಲಿ ಕಂಡಿದ್ದರು, ಫೋಟೋದಲ್ಲೋ?

‘ಬೆಳೆಯುವ ಮಣಿಗಳು’ ಎಂದು ಅದರ ಹೆಸರು. ಪೊಟ್ಟಣದಲ್ಲಿ ಸಾಸಿವೆಗಿಂತ ತುಸು ದಪ್ಪದ ನೂರು ಮಣಿ, ಕೆಂಪು, ಹಸಿರು, ನೀಲಿ. ಮಗು ಅವನ್ನು ಹತ್ತು ಹತ್ತರ ಗುಂಪು ಮಾಡಿ ಎಣಿಸಬೇಕು, ನೀರಿಗೆ ಹಾಕಬೇಕು, ಮರುದಿನ ಅವು ದ್ರಾಕ್ಷಿಯಷ್ಟು ದಪ್ಪಗೆ ಉಬ್ಬಿರುವುದನ್ನು ನೋಡಿ ಬೆರಗಾಗಬೇಕು, ಮತ್ತೆ ಎಣಿಸಬೇಕು. ‘ಎಣಿಕೆ, ಸ್ಪರ್ಶಜ್ಞಾನ, ಕುತೂಹಲ ಮೂರೂ ಏಕಕಾಲಕ್ಕೆ ವಿಕಾಸಗೊಳ್ಳುತ್ತವೆ’ ಎಂದು ನೀವೇ ಬರೆಸಿದ್ದೀರಿ. ಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ದೊಡ್ಡವರ ಮೇಲ್ವಿಚಾರಣೆಯಲ್ಲಿ’ ಎಂಬ ಎರಡು ಪದವೂ ಇವೆ. ನುಂಗಿದರೆ ಏನಾಗುತ್ತದೆ ಎಂಬುದು ಮಾತ್ರ ಯಾವ ಗಾತ್ರದ ಅಕ್ಷರದಲ್ಲೂ ಇಲ್ಲ.

ದೊಡ್ಡವರ ಮೇಲ್ವಿಚಾರಣೆ ಇತ್ತು, ಮಾನ್ಯರೇ. ಶನಿವಾರ ಮಧ್ಯಾಹ್ನ, ಹಾಡಹಗಲಲ್ಲಿ, ಇಬ್ಬರು ದೊಡ್ಡವರು ಅದೇ ಕೋಣೆಯಲ್ಲಿದ್ದೆವು. ನನ್ನ ತಾಯಿ ತರಕಾರಿ ಹೆಚ್ಚುತ್ತಿದ್ದರು. ನಾನು ಕಿಟಕಿಯ ಹತ್ತಿರ ಕೂತು ಇಸ್ತ್ರಿಪೆಟ್ಟಿಗೆಯ ವೈರು ಬದಲಾಯಿಸುತ್ತಿದ್ದೆ. ದೊಡ್ಡವಳು ನೆಲದ ಮೇಲೆ ಸ್ಟೀಲ್ ತಟ್ಟೆ ಇಟ್ಟುಕೊಂಡು ಎಣಿಸಿ, “ನೂರು ಸರಿಯಾಗಿದೆ ಅಪ್ಪಾ!” ಎಂದು ಕೂಗಿದಳು. ಬೋಗುಣಿಯಲ್ಲಿ ನೀರು ತರಲು ಒಳಗೆ ಹೋದಳು. ಚಿನ್ನಿ ತಟ್ಟೆಯ ಕಡೆಗೆ ಅಂಬೆಗಾಲಿಕ್ಕಿದ್ದನ್ನು ನಾನು ನೋಡಿದೆ. “ಏಯ್ ಕಳ್ಳಿ” ಎಂದು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡೆ. ತಡವಾಗಿರಲಿಲ್ಲ ಎಂದುಕೊಂಡೆ. ಅವಳು ಅಳಲಿಲ್ಲ, ಕೆಮ್ಮಲಿಲ್ಲ, ನನ್ನ ಮೂಗು ಹಿಡಿದು ಎಳೆದಳು.

ಭಾನುವಾರ ಬೆಳಿಗ್ಗೆ ಬೋಗುಣಿ ತುಂಬ ಬಣ್ಣಬಣ್ಣದ ಗೋಲಿಗಳು. ದೊಡ್ಡವಳು ಕುಣಿದಾಡಿದಳು. ಆಮೇಲೆ ಕೂತು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

“ಅಪ್ಪಾ, ಎರಡು ಕಮ್ಮಿ ಇದೆ.”

“ಸರಿಯಾಗಿ ಎಣಿಸು.”

“ಮೂರು ಸಲ ಎಣಿಸ್ದೆ. ತೊಂಬತ್ತೆಂಟೇ ಇರೋದು.”

“ಪೊಟ್ಟಣದಲ್ಲೇ ಕಮ್ಮಿ ಇದ್ದಿರ್ಬೇಕು ಬಿಡು.”

“ಇಲ್ಲಪ್ಪಾ, ನಿನ್ನೆ ನೂರಿತ್ತು. ನಾನೇ ಎಣಿಸಿದ್ನಲ್ಲ.”

“ಆಯ್ತಮ್ಮಾ, ದೊಡ್ಡ ಲೆಕ್ಕಪರಿಶೋಧಕಿ ನೀನು. ಈಗ ಬಂದು ತಿಂಡಿ ತಿನ್ನು.”

ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ನಿಮ್ಮ ಇಲಾಖೆಯ ತಪ್ಪನ್ನು ಎತ್ತಿ ಆಡುವವನು ತನ್ನ ತಪ್ಪನ್ನು ಹಾಸಿಗೆಯ ಕೆಳಗೆ ತಳ್ಳಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ಸಂಜೆ ಚಿನ್ನಿ ಕುಡಿದ ಹಾಲನ್ನೆಲ್ಲ ಕಕ್ಕಿದಳು. ಸೋಮವಾರ ಬೆಳಿಗ್ಗೆ ಬೀದಿಯ ಕ್ಲಿನಿಕ್ಕಿನಲ್ಲಿ ಅಜೀರ್ಣವೆಂದು ಸಿರಪ್ ಕೊಟ್ಟರು. ಅದೂ ಹೊರಗೆ ಬಂತು. ಮಧ್ಯಾಹ್ನದ ಹೊತ್ತಿಗೆ ವಾಂತಿ ಹಸಿರಾಗಿತ್ತು. ಹೊಟ್ಟೆ ತಮಟೆಯಂತೆ ಬಿಗಿದುಕೊಂಡಿತ್ತು, ಮುಟ್ಟಿದರೆ ಕಿರುಚುತ್ತಿದ್ದಳು. ಆಮೇಲೆ ಕಿರುಚುವುದನ್ನೂ ನಿಲ್ಲಿಸಿದಳು. ಅತ್ತ ಮಗುವನ್ನು ಸಮಾಧಾನ ಮಾಡುವುದು ಯಾವ ಅಪ್ಪನಿಗೂ ಗೊತ್ತು. ಅಳದೆ ಸುಮ್ಮನೆ ಸೂರು ನೋಡುತ್ತಿರುವ ಮಗುವನ್ನು ಏನು ಮಾಡಬೇಕೆಂದು ನನಗೆ ಗೊತ್ತಾಗಲಿಲ್ಲ. ನಾನು, ನನ್ನ ತಾಯಿ, ದೊಡ್ಡವಳು ಮೂವರೂ ಅವಳನ್ನು ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಓಡಿದೆವು. ಹೆಂಡತಿ ಕಾರ್ಖಾನೆಯಿಂದ ನೇರ ಅಲ್ಲಿಗೇ ಬಂದಳು, ತೋಳಿಗೆ ಮೆತ್ತಿದ್ದ ಹಿಟ್ಟಿನ ಸಮೇತ.

ಎಕ್ಸ್‌ರೇ ತೆಗೆದರು. ಕರುಳಲ್ಲಿ ಗಾಳಿ ತುಂಬಿದ್ದು ಬಿಟ್ಟರೆ ಬೇರೇನೂ ಕಾಣಲಿಲ್ಲ. ಮಕ್ಕಳ ಡಾಕ್ಟರಮ್ಮ ಕೇಳಿದರು, “ಏನಾದ್ರೂ ನುಂಗಿದ್ದಾಳಾ? ನಾಣ್ಯ, ಗುಂಡಿ, ಆಟಿಕೆ?”

“ಇಲ್ಲ ಡಾಕ್ಟ್ರೇ. ನಾವು ತುಂಬಾ ಜೋಪಾನ” ಎಂದೆ. ಎಷ್ಟು ಗಟ್ಟಿಯಾಗಿ ಹೇಳಿದೆ ಗೊತ್ತೇ? ನೀವು ಪತ್ರಿಕಾಗೋಷ್ಠಿಯಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿ.

ಹಿಂದಿನಿಂದ ಯಾರೋ ನನ್ನ ಅಂಗಿ ಜಗ್ಗಿದರು. “ಎರಡು ಮಣಿ ಕಮ್ಮಿ ಇತ್ತಲ್ಲಪ್ಪಾ,” ಎಂದಳು ದೊಡ್ಡವಳು, ಬೈಸಿಕೊಳ್ಳುವ ಭಯದ ದನಿಯಲ್ಲಿ.

ಡಾಕ್ಟರಮ್ಮ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. “ಯಾವ ಮಣಿ ಪುಟ್ಟಾ?”

“ನೀರಲ್ಲಿ ಹಾಕಿದ್ರೆ ದಪ್ಪ ಆಗತ್ತಲ್ಲ, ಅದು. ಶನಿವಾರ ನೂರಿತ್ತು. ಭಾನುವಾರ ತೊಂಬತ್ತೆಂಟು.”

“ಎರಡೇನಾ? ಗೊತ್ತಾ ನಿಂಗೆ?”

“ಹತ್ತರ ಗುಂಪು ಮಾಡಿ ಎಣಿಸ್ದೆ. ಒಂಬತ್ತು ಗುಂಪು ಸರಿ ಇತ್ತು. ಕೊನೇದ್ರಲ್ಲಿ ಎಂಟೇ ಇತ್ತು.”

ಡಾಕ್ಟರಮ್ಮ ಎದ್ದು ನಿಂತಾಗ ಅವರ ಮುಖ ಬದಲಾಗಿತ್ತು. ಈ ಮಣಿಗಳು ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಂತೆ. ಒಳಗೆ ಹೋದಮೇಲೆ ಸಿಕ್ಕ ನೀರನ್ನೆಲ್ಲ ಕುಡಿದು ಉಬ್ಬಿ ಕರುಳಿಗೆ ಬಿರಡೆ ಹಾಕಿದಂತೆ ಕೂರುತ್ತವಂತೆ. ಸ್ಕ್ಯಾನಿಂಗ್ ಮಾಡಿದರು. ಒಂದು ಗಂಟೆಯೊಳಗೆ ಚಿನ್ನಿಯನ್ನು ಆಪರೇಷನ್ನಿಗೆ ಒಳಗೆ ಒಯ್ದರು. ನಾನು ಸಹಿ ಹಾಕಿದ ಕಾಗದದಲ್ಲಿ ಏನಿತ್ತೆಂದು ಇವತ್ತಿಗೂ ನನಗೆ ನೆನಪಿಲ್ಲ.

ಹೊರಗೆ ಬೆಂಚಿನ ಮೇಲೆ ಹೆಂಡತಿ ಕೇಳಿದಳು, “ರೀ, ಅವಳು ನಿನ್ನೆ ಬೆಳಿಗ್ಗೇನೇ ಹೇಳಿದ್ಲಾ?”

“ಹೇಳಿದ್ಲು.”

ಅವಳು ಬೈದಿದ್ದರೆ ಒಳ್ಳೆಯದಿತ್ತು. ದೊಡ್ಡವಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡು ಅವಳ ಬೆರಳುಗಳನ್ನು ಒಂದೊಂದಾಗಿ ಸವರುತ್ತ ಕೂತಳು. ನನ್ನ ತಾಯಿ ಗೋಡೆಯ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದರು. ಎರಡೂವರೆ ಗಂಟೆ. ಆ ಬಾಗಿಲಿನ ಬಿಜಾಗರಿಯಲ್ಲಿ ಎಷ್ಟು ಸ್ಕ್ರೂ ಇವೆ, ಯಾವುದು ಸಡಿಲವಾಗಿದೆ ಎಂದು ಈಗಲೂ ಹೇಳಬಲ್ಲೆ.

ಡಾಕ್ಟರಮ್ಮ ಹೊರಬಂದು ಒಂದು ಪುಟ್ಟ ಡಬ್ಬಿ ತೋರಿಸಿದರು. ಒಳಗೆ ಎರಡು ನೀಲಿ ಗೋಲಿ. “ಒಂದು ಅಡ್ಡ ಸಿಕ್ಕಿಕೊಂಡಿತ್ತು. ತೆಗೆದ್ವಿ. ಹೊಲಿಗೆ ಹಾಕಿ ಮುಗಿಸ್ಬಹುದಿತ್ತು. ಆದ್ರೆ ನಿಮ್ಮ ದೊಡ್ಡ ಮಗಳು ಎರಡು ಅಂದಿದ್ಲಲ್ಲ, ಅದಕ್ಕೆ ಮತ್ತೆ ಹುಡುಕಿದ್ವಿ. ಇನ್ನೊಂದು ಸ್ವಲ್ಪ ಮೇಲೆ ಕೂತಿತ್ತು. ಬಿಟ್ಟಿದ್ರೆ ನಾಳೆಯೋ ನಾಡಿದ್ದೋ ಮತ್ತೆ ಕಟ್ಟಿಕೊಳ್ತಿತ್ತು. ಎರಡನೇ ಸಲ ಈ ಮಗು ತಡೀತಿತ್ತೋ ಇಲ್ವೋ, ನಾನು ಹೇಳಲಾರೆ.”

ಒಪ್ಪಿಕೊಳ್ಳುತ್ತೇನೆ, ಮಾನ್ಯರೇ. ನಿಮ್ಮ ಪುಸ್ತಕ ನನ್ನ ಮಗಳಿಗೆ ಎಣಿಕೆ ಕಲಿಸಿತು. ಚೆನ್ನಾಗಿಯೇ ಕಲಿಸಿತು. ನಿಮ್ಮ ವಾರ್ಷಿಕ ವರದಿಯಲ್ಲಿ ಇದನ್ನು ಯಶೋಗಾಥೆಯೆಂದು ಸೇರಿಸುವುದಾದರೆ ಚಿನ್ನಿಯ ಹೊಟ್ಟೆಯ ಮೇಲಿನ ಗೆರೆಯ ಫೋಟೋ ಕಳಿಸಿಕೊಡುತ್ತೇನೆ.

ಹನ್ನೆರಡನೇ ದಿನ ಅವಳನ್ನು ಮನೆಗೆ ಕರೆತಂದೆವು. ಮರುದಿನ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಮಾತಾಡಿದವರು ಸಭ್ಯರು. ಎಲ್ಲವನ್ನೂ ಕೇಳಿಸಿಕೊಂಡು, “ಸರ್, ಆ ಚಟುವಟಿಕೆ ಐದರಿಂದ ಏಳು ವರ್ಷದ ಮಕ್ಕಳಿಗೆ. ನುಂಗಿದ ಮಗುವಿನ ವಯಸ್ಸೆಷ್ಟು?” ಎಂದರು.

“ಹದಿನಾಲ್ಕು ತಿಂಗಳು.”

“ಹಾಗಿದ್ರೆ ಅದು ನಮ್ಮ ಯೋಜನೆಯ ಫಲಾನುಭವಿ ಅಲ್ಲ ಸರ್. ದೂರು ದಾಖಲಿಸೋಕೆ ಬರಲ್ಲ.”

“ಬೇರೆ ಮನೆಗಳಿಗಾದ್ರೂ ಹೇಳ್ತೀರಾ? ಪೊಟ್ಟಣ ಎತ್ತಿಡಿ ಅಂತ?”

“ಮುಂದಿನ ಮುದ್ರಣದಲ್ಲಿ ಪರಿಶೀಲಿಸ್ತಾರೆ ಸರ್.”

ಮುಂದಿನ ಮುದ್ರಣ! ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ಲಿಫ್ಟು ಮಹಡಿಯ ನೆಲಕ್ಕಿಂತ ಎರಡು ಬೆರಳು ಮೇಲೆ ನಿಂತರೆ ನಾನು ವಿದ್ಯುತ್ ಕಡಿದು ಫಲಕ ತೂಗುಹಾಕುತ್ತೇನೆ. ಒಂಬತ್ತನೇ ಮಹಡಿಯವರು ಮೆಟ್ಟಿಲು ಹತ್ತುತ್ತ ನನ್ನ ವಂಶವನ್ನೆಲ್ಲ ನೆನೆಯುತ್ತಾರೆ. ನೆನೆಯಲಿ. ಬಿದ್ದವರು ಲಿಫ್ಟಿನ ಫಲಾನುಭವಿಯೋ ಅಲ್ಲವೋ ಎಂದು ಯಾರೂ ನನ್ನನ್ನು ಕೇಳುವುದಿಲ್ಲ. ಅನುಮಾನ ಬಂದ ಕೂಡಲೇ ನಿಲ್ಲಿಸುವುದು, ಆಮೇಲೆ ಕಾರಣ ಹುಡುಕುವುದು. ಏಳನೇ ತರಗತಿ ಓದಿದ ನನಗೆ ಇಷ್ಟು ತಿಳಿದಿರುವಾಗ, ಗೋಡೆಯ ತುಂಬ ಪದವಿಪತ್ರ ತೂಗುಹಾಕಿಕೊಂಡಿರುವ ನಿಮಗೆ ತಿಳಿಯದೇ?

ನೀವು ಹೇಳುವುದಿಲ್ಲವೆಂದ ಮೇಲೆ ನಾನೇ ಹೊರಟೆ. ನಮ್ಮ ಬೀದಿಯಲ್ಲಿ ಪೆಟ್ಟಿಗೆ ಬಂದ ಮನೆಗಳು ಹದಿನಾಲ್ಕು. ಬಾಗಿಲು ಬಡಿದು ಚಿನ್ನಿಯ ಕಥೆ ಹೇಳಿ, ಪೊಟ್ಟಣ ಕೊಡಿ ಎಂದು ಬೇಡಿದೆ. ಕೆಲವರು ಮಾತು ಮುಗಿಯುವ ಮೊದಲೇ ತಂದುಕೊಟ್ಟರು. ದರ್ಜಿಯಮ್ಮ ಬಾಗಿಲಲ್ಲೇ ನಿಂತು, “ಸರ್ಕಾರದೋರು ಪುಕ್ಕಟೆ ಕೊಟ್ಟಿದ್ದು ನಿಮ್ಗೆ ಯಾಕಪ್ಪಾ? ಸುಮ್ನೆ ಮಕ್ಕಳನ್ನ ಹೆದರಿಸ್ಬೇಡಿ” ಎಂದು ಗೊಣಗಿದರು. ಅವರ ಹಿಂದೆ ನೆಲದ ಮೇಲೆ ಬೋಗುಣಿ ಇತ್ತು. ಉಬ್ಬಿದ ಮಣಿಗಳನ್ನು ಅವರ ಮೊಮ್ಮಗಳು ಒಂದೊಂದಾಗಿ ಎತ್ತಿ ತುಟಿಗೆ ಒತ್ತಿ ತಣ್ಣಗಿದೆಯೇ ಎಂದು ನೋಡುತ್ತಿದ್ದಳು. ಎರಡು ವರ್ಷವೂ ತುಂಬಿರಲಿಕ್ಕಿಲ್ಲ.

ನಾನು ಅನುಮತಿ ಕೇಳಲಿಲ್ಲ. ಚಪ್ಪಲಿಕಾಲಲ್ಲೇ ಒಳನುಗ್ಗಿ ಆ ಮಗುವಿನ ಬಾಯಿಗೆ ಬೆರಳು ಹಾಕಿದೆ. ಮಗು ಚೀರಿತು. ದರ್ಜಿಯಮ್ಮ ಕೈಗೆ ಸಿಕ್ಕ ಅಳತೆಕೋಲಿನಿಂದ ನನ್ನ ಬೆನ್ನಿಗೆ ಬಾರಿಸಿದರು. ಬಾಯಲ್ಲಿ ಏನೂ ಇರಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಾನು ಅಳುವುದನ್ನು ನೋಡಿ ದರ್ಜಿಯಮ್ಮ ಕೋಲು ಕೆಳಗಿಟ್ಟರು. ಆಮೇಲೆ ಬೋಗುಣಿಯನ್ನು ತಾವೇ ಎತ್ತಿ ನನ್ನ ಚೀಲಕ್ಕೆ ಸುರಿದರು. ಮಂಚದ ಕೆಳಗೆ ಉರುಳಿದ್ದನ್ನು ಇಬ್ಬರೂ ಬಗ್ಗಿ ಹುಡುಕಿದೆವು. ಅಲ್ಲಿ ಎಷ್ಟಿದ್ದವು, ಎಷ್ಟು ಸಿಕ್ಕವು, ಹೇಳುವವರು ಯಾರೂ ಇರಲಿಲ್ಲ. ಆ ಮನೆಯಲ್ಲಿ ಮಣಿ ಎಣಿಸಿದವರಿಲ್ಲ.

ನಮ್ಮ ಮನೆಯ ಸಂಗತಿ ಕೇಳಿ. ದೊಡ್ಡವಳು ಈಗ ಏನನ್ನೂ ಮುಟ್ಟುವುದಿಲ್ಲ. ಬಣ್ಣದ ಕಡ್ಡಿ, ಕತ್ತರಿಸಿದ ಕಾಗದ, ಪೆನ್ನಿನ ಮುಚ್ಚಳ, ಎಲ್ಲವನ್ನೂ ಎತ್ತರದ ಕಪಾಟಿಗೆ ಸೇರಿಸಿಬಿಟ್ಟಿದ್ದಾಳೆ. ಊಟಕ್ಕೆ ಕೂತಾಗ ತಂಗಿಯ ಬಾಯನ್ನೇ ನೋಡುತ್ತಾಳೆ. “ಆಟ ಆಡು ಹೋಗಮ್ಮಾ” ಎಂದರೆ, “ಬೇಡಪ್ಪಾ, ಆಡಿದ್ರೆ ಚಿನ್ನಿಗೆ ಏನಾದ್ರೂ ಆಗತ್ತೆ” ಎನ್ನುತ್ತಾಳೆ. ತಂಗಿಯ ಜೀವ ಉಳಿಸಿದ್ದು ನೀನೇ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ. ನಂಬುವುದಿಲ್ಲ. ಅವಳ ಮಾತನ್ನು ನಾನು ನಂಬಬೇಕಾದ ದಿನ ನಂಬಿರಲಿಲ್ಲವಲ್ಲ, ಯಾವ ಮುಖ ಇಟ್ಟುಕೊಂಡು ಒತ್ತಾಯಿಸಲಿ?

ಈಗ ನನ್ನ ಬೇಡಿಕೆ. ಪರಿಹಾರ ಬೇಡ, ಹೂಗುಚ್ಛ ಹಿಡಿದು ಯಾರೂ ಬರುವುದು ಬೇಡ. ಹನ್ನೊಂದನೇ ಪೊಟ್ಟಣವನ್ನು ಈ ವಾರವೇ ಹಿಂದಕ್ಕೆ ತೆಗೆದುಕೊಳ್ಳಿ. ಸುತ್ತೋಲೆ ಸಾಲದು, ಸುತ್ತೋಲೆಯನ್ನು ಮಕ್ಕಳು ಓದುವುದಿಲ್ಲ. ಪೆಟ್ಟಿಗೆ ಹಂಚಿದವರೇ ಅದೇ ಬಾಗಿಲುಗಳಿಗೆ ಹೋಗಿ ಕೈಯಾರೆ ಈಸಿಕೊಂಡು ಬರಲಿ. ಮಗು ನುಂಗಿರಬಹುದೆಂಬ ಅನುಮಾನವಿದ್ದರೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ, ಎಕ್ಸ್‌ರೇಯಲ್ಲಿ ಕಾಣದು, ಡಾಕ್ಟರಿಗೆ ಮಣಿಯ ವಿಷಯ ಬಾಯಿಬಿಟ್ಟು ಹೇಳಿ ಎಂದು ಪ್ರತಿ ಮನೆಯಲ್ಲೂ ತಿಳಿಸಲಿ.

ಯಾವ ಮನೆಗೆ ಹೋಗಬೇಕೆಂದು ಗೊತ್ತಿಲ್ಲ ಎನ್ನಬೇಡಿ. ಪೆಟ್ಟಿಗೆ ಪಡೆಯುವಾಗ ನೀವು ನಮ್ಮಿಂದ ಒಂದು ಅರ್ಜಿ ತುಂಬಿಸಿಕೊಂಡಿರಿ. ಅದರ ನಕಲು ನನ್ನ ಮುಂದಿದೆ. ಏಳನೇ ಕಾಲಂ: ‘ಮನೆಯಲ್ಲಿರುವ ಇತರ ಮಕ್ಕಳು ಮತ್ತು ವಯಸ್ಸು’. ಅಲ್ಲಿ ನನ್ನ ಹೆಂಡತಿ ದುಂಡಗಿನ ಅಕ್ಷರದಲ್ಲಿ ‘ಒಂದು ಹೆಣ್ಣು, ಹದಿಮೂರು ತಿಂಗಳು’ ಎಂದು ಬರೆದಿದ್ದಾಳೆ. ಕೆಳಗೆ ನಿಮ್ಮ ಕಚೇರಿಯ ಮೊಹರಿದೆ, ‘ಪರಿಶೀಲಿಸಲಾಗಿದೆ’ ಎಂದು.

ಹದಿನಾಲ್ಕು ಮನೆಗಳಲ್ಲಿ ಮೂರಕ್ಕೆ ಬೀಗ ಹಾಕಿತ್ತು. ದಿನವೂ ಹೋಗಿ ಬಡಿಯುತ್ತಿದ್ದೇನೆ. ಒಂದರ ಕಿಟಕಿಯಲ್ಲಿ ಪುಟ್ಟ ಜುಬ್ಬಾ ಒಣಗಲು ಹಾಕಿದ್ದಾರೆ, ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ಅವರ ಫೋನ್ ನಂಬರ್ ನನ್ನ ಬಳಿ ಇಲ್ಲ. ನಿಮ್ಮ ಬಳಿ ಇದೆ.

ದಯವಿಟ್ಟು ಈಗಲೇ ಫೋನ್ ಮಾಡಿ.

ಇಂತಿ,
ನಿಮ್ಮ ಪಟ್ಟಿಯಲ್ಲಿ ಒಂದು ಸಾಲಾಗಿರುವ,
ಇನ್ನೂ ಹೆದರಿಕೆ ಬಿಡದ,
ಇಬ್ಬರು ಹೆಣ್ಣುಮಕ್ಕಳ ಅಪ್ಪ